ರೋಗ ತರಿಸಲು ಹೊರಟವರಿಗೆ ಸಿಕ್ಕ ಮದ್ದು

ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಗೆ 14 ಚುಚ್ಚುಮದ್ದು ಹಾಕಿಸಿಕೊಳ್ಳಬೇಕಿತ್ತೆಂದು ನೀವು ಹಿರಿಯರಿಂದ ಕೇಳಿರಬಹುದು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ಅಪರೂಪಕ್ಕೆ ಕೆಲವರಲ್ಲಿ ಲಕ್ವವನ್ನೂ ತರುತ್ತಿತ್ತು. ಲಸಿಕೆಯೊಡನೆ ಒಳಹೊಕ್ಕ ಮಿದುಳಿನ ಅಂಶದ ವಿರುದ್ಧ ಎಚ್ಚೆತ್ತ ರಕ್ಷಣಾ ವ್ಯವಸ್ಥೆ, ದೇಹದ ಸ್ವಂತ ನರಗಳ ಮೇಲೂ ದಾಳಿ ಮಾಡುತ್ತಿತ್ತು. ಹೀಗೆ ದೇಹ ತನ್ನನ್ನೇ ಹಗೆಯೆಂದು ಬಗೆಯುವುದೇ ಸ್ವಯಂಪ್ರತಿರಕ್ಷಾ ರೋಗ.

1933ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ಕೋತಿಗಳಿಗೆ ಮಿದುಳಿನ ಸಾರವನ್ನು ಮತ್ತೆಮತ್ತೆ ಚುಚ್ಚಿ, ಇಂಥ ರೋಗವನ್ನು ಪ್ರಯೋಗಶಾಲೆಯಲ್ಲೇ ಉಂಟುಮಾಡಿದರು. ಮುಂದೆ ಅದು ಮನುಷ್ಯರ ಮಲ್ಟಿಪಲ್ ಸ್ಕ್ಲಿರೋಸಿಸ್ ರೋಗದ ಅಧ್ಯಯನಕ್ಕೆ ಮಾದರಿಯಾಯಿತು. ಎರಡರಲ್ಲೂ ನರತಂತುಗಳ ಮಯಲಿನ್ ಹೊದಿಕೆ ಹಾನಿಗೊಳ್ಳುತ್ತದೆ.

1960ರ ದಶಕದ ಕೊನೆಯಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೈಕೆಲ್ ಸೆಲಾ, ರೂತ್ ಅರ್ನಾನ್ ಮತ್ತು ದ್ವೋರಾ ಟೈಟೆಲ್‌ಬಾಮ್ ಮಯಲಿನ್‌ನ ಒಂದು ಪ್ರೋಟೀನನ್ನು ಹೋಲುವ ಪಾಲಿಮರ್‌ಗಳನ್ನು ತಯಾರಿಸಿದರು. ಅವುಗಳಲ್ಲೊಂದಾದ ಕೋಪಾಲಿಮರ್-1ರಲ್ಲಿ ಇದ್ದದ್ದು ನಾಲ್ಕೇ ಅಮೈನೋ ಆಮ್ಲಗಳು: ಅಲನೀನ್, ಲೈಸೀನ್, ಗ್ಲುಟಾಮಿಕ್ ಆಮ್ಲ, ಟೈರೋಸೀನ್. ಇಂಥ ಸರಳ ವಸ್ತುವಿನಿಂದ ರೋಗ ಬರುವುದೇ ಎಂದು ನೋಡುವುದು ಅವರ ಉದ್ದೇಶ. ರೋಗ ಬರಲಿಲ್ಲ. ಬದಲಿಗೆ, ರೋಗಕಾರಕ ಪ್ರೋಟೀನ್ ಪಡೆದ ಗಿನಿಹಂದಿಗಳನ್ನು ಅದು ಕಾಪಾಡಿತು! 1971ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮುಂದೆ ಇಲಿ, ಮೊಲ, ಕೋತಿಗಳಲ್ಲೂ ಇದೇ ಪರಿಣಾಮ ಕಂಡುಬಂತು.

ಇಲಿಯಲ್ಲಿ ಇಂಥ ರಕ್ಷಣೆಯನ್ನು ಅಳೆಯುವುದು ಹೇಗೆ? ಎರಡು ಗುಂಪುಗಳಿಗೂ ರೋಗ ತರಿಸಿ, ಒಂದಕ್ಕೆ ಮಾತ್ರ ಮದ್ದು ಕೊಡುತ್ತಾರೆ. ಸಾಮಾನ್ಯವಾಗಿ ಬಳಸುವ ಒಂದು ಮಾಪಕದಲ್ಲಿ ಆರೋಗ್ಯವಂತ ಇಲಿಗೆ 0, ಬಾಲ ಜೋತುಬಿದ್ದರೆ 1, ಹಿಂಗಾಲುಗಳು ಲಕ್ವಗೊಂಡರೆ 3, ಸತ್ತರೆ 5 ಅಂಕ. ಅಂಕ ಕೊಡುವವರಿಗೆ ಇಲಿ ಯಾವ ಗುಂಪಿನದೆಂದು ತಿಳಿದಿರಬಾರದು. ಇಲ್ಲವಾದರೆ ವೀಕ್ಷಕರ ನಿರೀಕ್ಷೆಯೇ ಅಳತೆಯ ದೋಷವಾಗುತ್ತದೆ.

ಆದರೆ ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲೂ ಗೆಲ್ಲಬೇಕೆಂದಿಲ್ಲ. ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆದಾಗ ಇಲಿಗಳು ಸುಧಾರಿಸಿದವು. ಅದನ್ನೇ ತಡೆಯುವ ಲೆನರ್ಸೆಪ್ಟ್ ಮದ್ದನ್ನು 168 ರೋಗಿಗಳಲ್ಲಿ ಪರೀಕ್ಷಿಸಿದಾಗ, ಮದ್ದು ಪಡೆದವರಲ್ಲೇ ರೋಗ ಹೆಚ್ಚು ಸಲ ಮರುಕಳಿಸಿತೆಂದು 1999ರ ವರದಿ ತಿಳಿಸಿತು.

ಕೋಪಾಲಿಮರ್-1 ಈ ಪರೀಕ್ಷೆಯನ್ನೂ ದಾಟಿತು. 1987ರಲ್ಲಿ ಪ್ರಕಟವಾದ, 50 ರೋಗಿಗಳ 2 ವರ್ಷಗಳ ಅಧ್ಯಯನದಲ್ಲಿ ಹುಸಿಮದ್ದಿನ ಗುಂಪಿನಲ್ಲಿ ರೋಗ 62 ಸಲ ಮರುಕಳಿಸಿದರೆ, ಮದ್ದಿನ ಗುಂಪಿನಲ್ಲಿ 16 ಸಲ ಮಾತ್ರ. 1995ರಲ್ಲಿ ಪ್ರಕಟವಾದ, 251 ರೋಗಿಗಳ ಅಧ್ಯಯನದಲ್ಲಿ ಈ ಇಳಿಕೆ ಶೇ. 29ಕ್ಕೆ ಸೀಮಿತವಾಯಿತು. 1996ರಲ್ಲಿ ಅಮೆರಿಕದಲ್ಲಿ ಮದ್ದಿಗೆ ಒಪ್ಪಿಗೆ ದೊರೆಯಿತು. ಅದು ರೋಗವನ್ನು ಪೂರ್ತಿ ಗುಣಪಡಿಸದು, ಮರುಕಳಿಸುವುದನ್ನು ಕಡಿಮೆ ಮಾಡುತ್ತದೆ.

'ಇಲಿಗಳಲ್ಲಿ ಯಶಸ್ಸು' ಎಂಬ ಸುದ್ದಿ ಓದಿದಾಗ ನಿಮ್ಮ ವಿದ್ಯಾರ್ಥಿಗಳೊಡನೆ ಈ ಎರಡು ಮದ್ದುಗಳನ್ನೂ ನೆನೆಯಿರಿ. ಇಲಿಯಿಂದ ನಮಗೆ ದೊರೆಯುವುದು ಮನುಷ್ಯನಲ್ಲಿ ಕೇಳಬೇಕಾದ ಪ್ರಶ್ನೆ, ಉತ್ತರವಲ್ಲ.