ವಿಡಿಯೊ ಚಿತ್ರೀಕರಣ: ಲೆನ್ಸಿನ ಅಪರ್ಚರ್ ಮತ್ತು ಚಿತ್ರದ ಸ್ಪಷ್ಟತೆ

ಕೊಲ್ಹಾಪುರಕ್ಕೂ ಕ್ಯಾಮೆರಾಕ್ಕೂ ನಂಟು ಹಳೆಯದು. ಇಲ್ಲಿನ ಬಾಬುರಾವ್ ಪೇಂಟರ್ ಕ್ಯಾಮೆರಾವನ್ನೇ ಸ್ವತಃ ತಯಾರಿಸಿದವರು. ಅವರ ‘ಸೈರಂಧ್ರಿ’ 1920ರಲ್ಲಿ ತೆರೆ ಕಂಡಿತು. ಇಂದು ಕ್ಯಾಮೆರಾ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ಅರಿಯದಿದ್ದರೆ ದುಬಾರಿ ಕ್ಯಾಮೆರಾದಲ್ಲೂ ಚಿತ್ರ ಮಸುಕಾಗುತ್ತದೆ.

ಎಫ್/2, ಎಫ್/5.6, ಎಫ್/22 ಎಂಬ ಗುರುತುಗಳಲ್ಲಿ ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು. ಪೂರ್ತಿ ತೆರೆದರೆ ಲೆನ್ಸಿನ ಅಂಚಿನ ದೋಷಗಳು ಚಿತ್ರಕ್ಕೆ ಇಳಿಯುತ್ತವೆ, ಫೋಕಸ್ ಹಿಡಿಯುವ ಆಳವೂ ಕಡಿಮೆ. ಗೋರಜ ಮುಹೂರ್ತದ ಮದುವೆಯಲ್ಲಿ ವಧು ಒಂದು ಹೆಜ್ಜೆ ಮುಂದೆ ಬಂದರೂ ಮುಖ ಮಂಜು. ಅಕ್ಷತೆಯನ್ನು ಮತ್ತೊಮ್ಮೆ ಹಾಕಿ ಎನ್ನಲಾಗದು.

ತೀರ ಮುಚ್ಚಿದರೂ ಕಷ್ಟವೇ. ಸಣ್ಣ ಕಿಂಡಿಯಲ್ಲಿ ಹಾಯುವ ಬೆಳಕು ಹರಡಿಕೊಂಡು ಇಡೀ ಚಿತ್ರ ಮೆತ್ತಗಾಗುತ್ತದೆ. ಇಚಲಕರಂಜಿಯವರಿಗೆ ಪರೀಕ್ಷೆ ಸುಲಭ: ನಿಲ್ಲಿಸಿದ ಮಗ್ಗದ ಹಾಸುನೂಲನ್ನು ಎಫ್/5.6 ಮತ್ತು ಎಫ್/22ರಲ್ಲಿ ತೆಗೆದು ಎಳೆಗಳನ್ನು ಹೋಲಿಸಿದರೆ ಸಾಕು. ಸೆನ್ಸರ್ ಚಿಕ್ಕದಾದಷ್ಟು ಈ ದೋಷ ಬೇಗ ಕಾಣುತ್ತದೆ. ಹಳೆಯ ಹ್ಯಾಂಡಿಕ್ಯಾಮ್‌ಗಳಲ್ಲಿ ಎಫ್/8ರ ಹೊತ್ತಿಗೇ.

ಬಿಸಿಲು ಹೆಚ್ಚಾದರೆ ಫೋಟೊದವರು ಶಟರ್ ವೇಗ ಏರಿಸುತ್ತಾರೆ. ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್ 1/50 ಇಡುವುದು ರೂಢಿ. ಏರಿಸಿದರೆ ಚಲನೆ ಕಡಿಕಡಿದು ಕಾಣುತ್ತದೆ. ಹೀಗಾಗಿ ಗಡಹಿಂಗ್ಲಜದ ಫುಟ್‌ಬಾಲ್ ಮೈದಾನದ ರಣಬಿಸಿಲಲ್ಲಿ, ಐಎಸ್‌ಒ 100 ಇದ್ದರೂ, ಎಫ್/22ಕ್ಕೆ ಹೋಗಬೇಕಾಗುತ್ತದೆ. ಎನ್‌ಡಿ16 ಫಿಲ್ಟರ್ ಹಾಕಿದರೆ ಬೆಳಕು ಹದಿನಾರರಲ್ಲಿ ಒಂದು ಪಾಲಾಗಿ, ಎಫ್/5.6ರಲ್ಲೇ ತೆಗೆಯಬಹುದು. ಬಹುತೇಕ ಲೆನ್ಸ್‌ಗಳು ಪೂರ್ತಿ ತೆರೆದುದಕ್ಕಿಂತ ಎರಡು-ಮೂರು ಹಂತ ಮುಚ್ಚಿದಾಗಲೇ ಅತಿ ಸ್ಪಷ್ಟ. ಮೊಬೈಲ್‌ಗಳಲ್ಲಿ ಸಾಮಾನ್ಯವಾಗಿ ಕಿಂಡಿ ಬದಲಾಗದು. ಅಲ್ಲಿ ಶಟರ್ ವೇಗ ಇಳಿಸಲು ಇದೇ ಫಿಲ್ಟರ್ ನೆರವಾಗುತ್ತದೆ.