ರಾತ್ರಿ ಹೈವೇಗೆ ಅಗ್ಗದ ಡ್ಯಾಶ್‌ಕ್ಯಾಮ್: ಏನು ಕಾಣುತ್ತೆ, ಏನು ಕಾಣಲ್ಲ, ಹೇಗೆ ಬಳಸಬೇಕು?

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರು. ಊರಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದರೆ ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಸಿಗುತ್ತದೆ. ಅಲ್ಲಿಂದ ರಾಜೇಶ್ವರ ದಾಟಿದರೆ ಹುಮನಾಬಾದ್. ಹಳಬರ ಬಾಯಲ್ಲಿ ಇದು ಇನ್ನೂ ‘ಎನ್‌ಎಚ್ 9’. ಹಗಲಲ್ಲಿ ಸಲೀಸಾದ ರಸ್ತೆ. ಕತ್ತಲಾದ ಮೇಲೆ ಕಥೆಯೇ ಬೇರೆ. ಹೈಬೀಮ್ ಇಳಿಸದ ಲಾರಿಗಳು, ರಾಂಗ್ ಸೈಡಲ್ಲಿ ಬರುವ ಬೈಕುಗಳು, ಹಿಂದೆ ಲೈಟೂ ಇಲ್ಲದೆ ರೇಡಿಯಮ್ಮೂ ಇಲ್ಲದೆ ನಿಧಾನಕ್ಕೆ ಸಾಗುವ ಕಬ್ಬಿನ ಟ್ರ್ಯಾಕ್ಟರುಗಳು. ಕಬ್ಬು ನುರಿಸುವ ತಿಂಗಳುಗಳಲ್ಲಂತೂ ಕೇಳುವುದೇ ಬೇಡ.

ಈ ದಾರಿಯಲ್ಲಿ ವಾರಕ್ಕೆ ಎರಡು-ಮೂರು ರಾತ್ರಿ ಗಾಡಿ ಓಡಿಸುವವನು ನಾನು. ಡ್ಯಾಶ್‌ಕ್ಯಾಮ್ ಹಾಕಿಸಿದ ಮೇಲೆ ಪರಿಚಯದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ನಾಲ್ಕು ಸಾವಿರದೊಳಗೆ ಯಾವುದು ಚಲೋ ಅದರೀ?” ಅದಕ್ಕೂ ಮೊದಲು ಕೇಳಬೇಕಾದದ್ದು, ಆ ವಿಡಿಯೋದಿಂದ ನಮಗೆ ಏನು ಬೇಕು ಅಂತ. ಬೇಕಾಗಿರುವುದು ಎರಡು. ಏನಾಯಿತು ಅನ್ನೋದು ಒಂದು, ಯಾರು ಮಾಡಿದರು ಅನ್ನೋದು ಇನ್ನೊಂದು. ರಾತ್ರಿ ಹೊತ್ತು ಅಗ್ಗದ ಕ್ಯಾಮೆರಾ ಮೊದಲನೆಯದನ್ನು ಚೆನ್ನಾಗಿಯೇ ಹೇಳುತ್ತೆ. ಎರಡನೆಯದನ್ನು, ಅಂದರೆ ನಂಬರ್ ಪ್ಲೇಟನ್ನು, ತಾನಾಗಿ ಹೇಳುವುದು ಅಪರೂಪ. ನಾವು ಹೇಳಿಸಬೇಕು.

ಒಂದು ನಂಬರಿನ ಬೆಲೆ

ಒಬ್ಬನಿಗೆ ಡಿಕ್ಕಿ ಹೊಡೆದ ಗಾಡಿ ನಿಲ್ಲದೆ ಹೋಯಿತು, ನಂಬರೂ ಸಿಗಲಿಲ್ಲ ಅಂತಿಟ್ಟುಕೊಳ್ಳಿ. ಆಗ ಕುಟುಂಬಕ್ಕೆ ಉಳಿಯುವುದು ಮೋಟಾರು ವಾಹನ ಕಾಯ್ದೆಯ 161ನೇ ಕಲಮಿನ ಹಿಟ್ ಅಂಡ್ ರನ್ ಪರಿಹಾರ. 2022ರ ಏಪ್ರಿಲ್ 1ರಿಂದ ಅದು ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ರೂಪಾಯಿ. ಅದಕ್ಕೆ ಮೊದಲು 25 ಸಾವಿರ ಮತ್ತು 12,500 ಇತ್ತು.

ಗಾಡಿ ಪತ್ತೆಯಾದರೆ ಲೆಕ್ಕವೇ ಬದಲಾಗುತ್ತದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಸುಪ್ರೀಂ ಕೋರ್ಟಿನ ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ತೀರ್ಪುಗಳ ಸೂತ್ರ ಬಳಸುತ್ತದೆ. ತಿಂಗಳಿಗೆ 15,000 ದುಡಿಯುವ, ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ, ಸ್ವಂತ ದುಡಿಮೆಯ 30 ವರ್ಷದವನನ್ನು ತೆಗೆದುಕೊಳ್ಳಿ. ವರ್ಷದ ಆದಾಯ 1.80 ಲಕ್ಷ. ಮುಂದಿನ ಗಳಿಕೆ ಅಂತ ಶೇ 40 ಸೇರಿಸಿದರೆ 2.52 ಲಕ್ಷ. ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆದರೆ 1.68 ಲಕ್ಷ. ವಯಸ್ಸಿಗೆ ತಕ್ಕ ಗುಣಕ 17. ಒಟ್ಟು 28.56 ಲಕ್ಷ, ಇತರೆ ಬಾಬ್ತುಗಳು ಬೇರೆ. ಎರಡು ಲಕ್ಷಕ್ಕೂ ಇಪ್ಪತ್ತೆಂಟು ಲಕ್ಷಕ್ಕೂ ನಡುವೆ ಇರುವುದು ಒಂದು ನಂಬರ್ ಪ್ಲೇಟು.

ರಾತ್ರಿ ಹೈವೇಯಲ್ಲಿ ಸಾಯುವ ಪಾದಚಾರಿಯ ಹತ್ತಿರ, ಬೈಕಿನವನ ಹತ್ತಿರ ಡ್ಯಾಶ್‌ಕ್ಯಾಮ್ ಇರಲ್ಲ. ಹಿಂದೆ ಬರುತ್ತಿದ್ದ ನಮ್ಮ ಗಾಡಿಯಲ್ಲಿ ಇರುತ್ತೆ. ಹಾಗಾಗಿ ಇದು ನಮ್ಮ ಇನ್ಶೂರೆನ್ಸಿಗೆ ಮಾತ್ರ ಬೇಕಾದ ವಸ್ತು ಅಂತ ನನಗೆ ಅನಿಸುವುದಿಲ್ಲ.

ರಾತ್ರಿ ನಂಬರ್ ಯಾಕೆ ಕಾಣಲ್ಲ?

ಕಾರಣ ಎರಡು. ಮೊದಲನೆಯದು ವೇಗ. ಬೆಳಕು ಸಾಲದಿದ್ದಾಗ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು, ಹೆಚ್ಚೆಂದರೆ ಸೆಕೆಂಡಿನ ಮೂವತ್ತನೇ ಒಂದು ಭಾಗ. ನೀವು 80ರಲ್ಲಿ, ಎದುರಿನವನು 80ರಲ್ಲಿ ಇದ್ದರೆ ಅಷ್ಟರಲ್ಲಿ ಇಬ್ಬರ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್ ಕಡಿಮೆಯಾಗಿರುತ್ತದೆ. ಕಾರು, ಲಾರಿಗಳ ಪ್ಲೇಟಿನ ಅಂಕಿಯ ಎತ್ತರ 65 ಮಿಲಿಮೀಟರ್, ಗೀಟಿನ ದಪ್ಪ 10 ಮಿಲಿಮೀಟರ್. ಅದು ಮಸುಕಾಗದೆ ಇನ್ನೇನಾಗುತ್ತೆ? ಆದರೆ ಒಂದೇ ದಿಕ್ಕಿನಲ್ಲಿ ಹೋಗುವಾಗ, ನೀವು 80, ಅವನು 100 ಅಂದರೆ, ಅದೇ ಹೊತ್ತಿನಲ್ಲಿ ವ್ಯತ್ಯಾಸ 18 ಸೆಂಟಿಮೀಟರ್ ಮಾತ್ರ. ಅಂದರೆ ಎದುರಿಂದ ಬಂದವನಿಗಿಂತ ಓವರ್‌ಟೇಕ್ ಮಾಡಿ ಹೋದವನ ನಂಬರ್ ಸಿಗುವ ಸಾಧ್ಯತೆ ಹೆಚ್ಚು.

ಎರಡನೆಯದು ಹೊಳಪು. ಈಗಿನ ಹೈ ಸೆಕ್ಯುರಿಟಿ ಪ್ಲೇಟುಗಳು ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುತ್ತವೆ. ನಮ್ಮ ಹೆಡ್‌ಲೈಟು ಬಿದ್ದ ತಕ್ಷಣ ಕ್ಯಾಮೆರಾಕ್ಕೆ ಅದು ಬರೀ ಬಿಳಿ ಪಟ್ಟಿಯಾಗಿ ಕಾಣುತ್ತದೆ. ಸುತ್ತಲೂ ಕತ್ತಲು, ನಡುವೆ ಒಂದು ಬಿಳಿ ಚೌಕ.

ಕೊಳ್ಳುವಾಗ

ಡಬ್ಬದ ಮೇಲಿನ ‘4ಕೆ’ ನೋಡಿ ಮರುಳಾಗಬೇಡಿ. ಅಗ್ಗದ ಹಲವು ಮಾಡೆಲುಗಳಲ್ಲಿ ಸೆನ್ಸರ್ ಚಿಕ್ಕದೇ ಇರುತ್ತೆ, ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿರುತ್ತದೆ ಅಷ್ಟೇ. ರಾತ್ರಿಗೆ ಒಳ್ಳೆಯ ಸೆನ್ಸರ್ ಇರುವ 1080ಪಿ ಅಥವಾ 2ಕೆ ಕ್ಯಾಮೆರಾ, ನಕಲಿ 4ಕೆಗಿಂತ ವಾಸಿ. ಸೋನಿಯ ‘ಸ್ಟಾರ್ವಿಸ್’ ಸೆನ್ಸರ್ ಇದೆಯಾ, ಲೆನ್ಸಿನ ಅಪರ್ಚರ್ ಎಫ್/1.8 ಅಥವಾ ಅದಕ್ಕಿಂತ ಸಣ್ಣ ಸಂಖ್ಯೆಯದಾ, ಡಬ್ಲ್ಯೂಡಿಆರ್ ಇದೆಯಾ, ಎಕ್ಸ್‌ಪೋಶರನ್ನು ಕೈಯಿಂದ ಬದಲಿಸಬಹುದಾ ಅಂತ ಕೇಳಿ. ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಇರುವುದನ್ನೇ ಹುಡುಕಿ. ನಮ್ಮ ಬೀದರ್ ಜಿಲ್ಲೆಯ ಏಪ್ರಿಲ್-ಮೇ ಬಿಸಿಲಿಗೆ ಗಾಜಿನ ಹಿಂದೆ ಕುಳಿತ ಲಿಥಿಯಂ ಬ್ಯಾಟರಿ ಉಬ್ಬಿಕೊಳ್ಳಬಹುದು.

ಲಾರಿಯವರು ಇನ್ನೊಂದು ನೋಡಬೇಕು. ಕಾರಿನದು 12 ವೋಲ್ಟ್, ದೊಡ್ಡ ಲಾರಿಯದು 24. ವೈರಿಂಗ್ ಕಿಟ್ ಮೇಲೆ ‘12–24’ ಅಂತ ಇರದಿದ್ದರೆ ಲಾರಿಗೆ ಹಾಕಿಸಬೇಡಿ. ಮೆಮೊರಿ ಕಾರ್ಡಿನಲ್ಲಿ ‘ಹೈ ಎಂಡ್ಯೂರೆನ್ಸ್’ ಜಾತಿಯದು ಬೇಕು. ಮೊಬೈಲಿನ ಸಾದಾ ಕಾರ್ಡು ಸತತ ಬರೆದು ಅಳಿಸುವ ಕೆಲಸಕ್ಕೆ ಬಾಳಲ್ಲ. 1080ಪಿ ವಿಡಿಯೋ ಗಂಟೆಗೆ ಸುಮಾರು 6–7 ಜಿಬಿ ತಿನ್ನುತ್ತೆ. 64 ಜಿಬಿ ಕಾರ್ಡಿನಲ್ಲಿ ಒಂಬತ್ತು ಗಂಟೆಯಷ್ಟು ಉಳಿಯುತ್ತೆ, ಆಮೇಲೆ ಹಳೆಯದರ ಮೇಲೆ ಹೊಸದು.

ಹಾಕಿಸಿ, ಹೊಂದಿಸುವಾಗ

ಒಳಗಿನ ಕನ್ನಡಿಯ ಹಿಂದೆ, ವೈಪರ್ ಒರೆಸುವ ಜಾಗದಲ್ಲಿ, ಡ್ರೈವರನ ನೋಟಕ್ಕೆ ಅಡ್ಡ ಬರದಂತೆ ಕೂರಿಸಿ. ಗಾಜಿನ ಹೊರಗಿನ ಧೂಳು ಎಲ್ಲರಿಗೂ ಕಾಣುತ್ತೆ. ಒಳಗಿನ ಎಣ್ಣೆಯಂಥ ಪೊರೆ ಕಾಣಲ್ಲ, ರಾತ್ರಿ ಎದುರಿನ ಲೈಟನ್ನು ಹರಡಿಬಿಡೋದು ಅದೇ. ವಾರಕ್ಕೊಮ್ಮೆ ಒರೆಸಿ. ಲೆನ್ಸಿಗೆ ಹಗಲಿನ ಪೋಲರೈಸರ್ ಫಿಲ್ಟರ್ ಇದ್ದರೆ ರಾತ್ರಿ ತೆಗೆದುಬಿಡಿ, ಅದು ಬೆಳಕು ತಿನ್ನುತ್ತೆ.

ಸೆಟ್ಟಿಂಗಿನಲ್ಲಿ ನಾನು ಮಾಡಿಕೊಂಡಿರುವುದು ಹೀಗಿದೆ. ಎಕ್ಸ್‌ಪೋಶರ್ ಸೊನ್ನೆಯಿಂದ ಕೆಳಗೆ, ಮೈನಸ್ 0.3ರಿಂದ 0.7ರ ನಡುವೆ. ರಸ್ತೆ ಸ್ವಲ್ಪ ಕಪ್ಪಾಗಿ ಕಾಣುತ್ತೆ, ಆದರೆ ಪ್ಲೇಟಿನ ಬಿಳುಪು ಇಳಿದು ಅಂಕಿ ಮೂಡುತ್ತೆ. ಡಬ್ಲ್ಯೂಡಿಆರ್ ಆನ್. ಲೂಪ್ ಒಂದು ನಿಮಿಷ ಅಥವಾ ಮೂರು ನಿಮಿಷ. ಜಿ-ಸೆನ್ಸರ್ ‘ಲೋ’. ಅದು ‘ಹೈ’ ಇದ್ದರೆ ಪ್ರತಿ ಹಂಪನ್ನೂ ಅಪಘಾತ ಅಂದುಕೊಂಡು ಫೈಲ್ ಲಾಕ್ ಮಾಡುತ್ತಾ ಹೋಗುತ್ತೆ, ಕಾರ್ಡು ತುಂಬಿ ಹೊಸ ರೆಕಾರ್ಡಿಂಗಿಗೆ ಜಾಗ ಉಳಿಯಲ್ಲ. ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿ. ದಿನಾಂಕ, ಸಮಯ ಸರಿಯಿದೆಯಾ ನೋಡಿ. ಗಡಿಯಾರ ತಪ್ಪಿದ ವಿಡಿಯೋ ವಕೀಲರ ಪಾಟಿ ಸವಾಲಿನಲ್ಲಿ ಮೊದಲು ಬೀಳುತ್ತೆ.

ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಮೈಕ್ ಆನ್ ಇಡಿ, ಕಣ್ಣಿಗೆ ಕಂಡ ನಂಬರನ್ನು ಜೋರಾಗಿ ಹೇಳಿ. “ಕೆಎ 38, ಬಿಳಿ ಟೆಂಪೊ, ಹುಮನಾಬಾದ್ ಕಡೆಗೆ” ಅಂತ. ಕೆಎ 38 ಅಂದರೆ ಬೀದರ್ ನೋಂದಣಿ, ಎಂಎಚ್ ಅಂದರೆ ಮಹಾರಾಷ್ಟ್ರ, ಟಿಎಸ್ ಅಥವಾ ಟಿಜಿ ಅಂದರೆ ತೆಲಂಗಾಣ. ಮೂರು ರಾಜ್ಯದ ಗಾಡಿಗಳು ಓಡುವ ರಸ್ತೆಯಲ್ಲಿ ಅಷ್ಟು ಸುಳಿವೂ ದೊಡ್ಡದೇ. ಕ್ಯಾಮೆರಾದ ಕಣ್ಣು ಸೋತಾಗ ನಮ್ಮ ದನಿ ಆ ಕ್ಷಣದ ದಾಖಲೆಯಾಗಿ ಉಳಿಯುತ್ತೆ. ಗಾಡಿಯಲ್ಲಿ ಬೇರೆಯವರಿದ್ದರೆ ಮಾತು ರೆಕಾರ್ಡ್ ಆಗುತ್ತೆ ಅಂತ ಮೊದಲೇ ತಿಳಿಸುವುದು ಮರ್ಯಾದೆ.

ಅಪಘಾತ ಕಂಡರೆ

ಮೊದಲು ಮನುಷ್ಯ, ಆಮೇಲೆ ವಿಡಿಯೋ. 108ಕ್ಕೆ, 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಫೋನ್ ಮಾಡಿ. ಸಹಾಯಕ್ಕೆ ಹೋದರೆ ಕೇಸು ಮೈಮೇಲೆ ಬರುತ್ತೆ ಅನ್ನೋ ಭಯ ಇನ್ನೂ ಹೋಗಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕು ಅಂತ ಅವರನ್ನು ಬಲವಂತ ಮಾಡುವಂತಿಲ್ಲ.

ಆಮೇಲೆ ಕ್ಯಾಮೆರಾ ಆಫ್ ಮಾಡಿ, ಕಾರ್ಡು ತೆಗೆದಿಡಿ. ಓಡಿಸುತ್ತಲೇ ಹೋದರೆ ಲೂಪ್ ಅದನ್ನು ನುಂಗಿಬಿಡಬಹುದು. ಒಂದು ಪ್ರತಿ ಕಂಪ್ಯೂಟರಿಗೆ ಇಳಿಸಿ, ಮೂಲ ಕಾರ್ಡನ್ನು ಮುಟ್ಟದೆ ಇಡಿ. ಕತ್ತರಿಸಬೇಡಿ, ಹಾಡು ಸೇರಿಸಬೇಡಿ, ವಾಟ್ಸ್ಯಾಪಿನಲ್ಲಿ ವಿಡಿಯೋ ಆಗಿ ಕಳಿಸಬೇಡಿ. ವಾಟ್ಸ್ಯಾಪ್ ಅದನ್ನು ಕುಗ್ಗಿಸುತ್ತೆ, ಉಳಿದ ಅಂಕಿಯೂ ಅಳಿಸಿಹೋಗುತ್ತೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರ ‘ಎ’ ಭಾಗ ಕೊಡುವವರದು, ‘ಬಿ’ ಭಾಗ ತಜ್ಞರದು. ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಅದರ ಡಿಜಿಟಲ್ ಬೆರಳಚ್ಚು, ಅದರಲ್ಲಿ ಬರೆಯಬೇಕು. ಒಂದು ಕ್ಷಣ ಕತ್ತರಿಸಿದರೂ ಆ ಬೆರಳಚ್ಚು ಬದಲಾಗುತ್ತೆ. ಕಾರ್ಡನ್ನು ಪೊಲೀಸರಿಗೆ ಕೊಟ್ಟರೆ ಪಂಚನಾಮೆ ಅಥವಾ ಸ್ವೀಕೃತಿ ಪಡೆಯಿರಿ.

ನಂಬರ್ ಸಿಗದೇ ಹೋದರೂ ಕುಟುಂಬ ಸುಮ್ಮನೆ ಕೂರಬೇಕಿಲ್ಲ. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ ಹಿಟ್ ಅಂಡ್ ರನ್ ಪರಿಹಾರದ ಬಗ್ಗೆ ಠಾಣಾಧಿಕಾರಿಯೇ ಲಿಖಿತವಾಗಿ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಹೇಳಿದೆ. ತಿಳಿಸದಿದ್ದರೆ ಕೇಳಿ ಪಡೆಯಿರಿ.

ಕ್ಯಾಮೆರಾದ ಮಿತಿ

ಡ್ಯಾಶ್‌ಕ್ಯಾಮ್ ಬ್ರೇಕ್ ಅಲ್ಲ. ಅದು ನಮ್ಮ ತಪ್ಪನ್ನೂ, ಜಿಪಿಎಸ್ ಇದ್ದರೆ ನಮ್ಮ ವೇಗವನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ಬರೆದಿಡುತ್ತೆ. ಅದನ್ನು ಗಾಜಿಗೆ ಅಂಟಿಸಿದ ಮೇಲೆ ಹೈಬೀಮ್ ಇಳಿಸೋದು, ಎಂಬತ್ತರೊಳಗೆ ಇರೋದು ನನಗಂತೂ ಅಭ್ಯಾಸವಾಗಿದೆ.

ಇದರ ಜೊತೆ ಒಂದು ಮಾತು ಆಡಳಿತಕ್ಕೂ ಸಲ್ಲಬೇಕು. ಕತ್ತಲಲ್ಲಿ ಹೋಗುವ ಕಬ್ಬಿನ ಟ್ರಾಲಿಯ ಹಿಂದೆ ಅಂಟಿಸುವ ರೇಡಿಯಂ ಪಟ್ಟಿಗೆ ಕೆಲವು ನೂರು ರೂಪಾಯಿ ಸಾಕು. ಹಂಗಾಮು ಶುರುವಾಗುವ ಮೊದಲು ಕಾರ್ಖಾನೆಯ ಗೇಟಿನಲ್ಲೇ ಅದನ್ನು ಕಡ್ಡಾಯವಾಗಿ ಅಂಟಿಸಬಹುದು. ನಾಲ್ಕು ಸಾವಿರದ ಕ್ಯಾಮೆರಾ ಸಾವು ಹೇಗಾಯಿತು ಅಂತ ಹೇಳುತ್ತದೆ. ನಾಲ್ಕು ನೂರರ ಪಟ್ಟಿ ಆ ಸಾವನ್ನೇ ತಡೆಯುತ್ತದೆ. ಈ ರಸ್ತೆಗೆ ಎರಡೂ ಬೇಕು, ಆದರೆ ಮೊದಲು ಪಟ್ಟಿ.