ಪತ್ರದ ಕೆಳಗೆ ಅಚ್ಚಾದ ವಿಳಾಸ

ಪತ್ರಿಕೆಗೆ ಬರೆದ ಪತ್ರ ಅಚ್ಚಾದಾಗ ಅದರ ಕೆಳಗೆ ಬರೆದವರ ಹೆಸರು ಮತ್ತು ಊರು ಇರುವುದು ವಾಡಿಕೆ. ಓದುವವರಿಗೆ ಅಷ್ಟು ಸಾಕು. ಆದರೆ 1920ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಒಂದು ಮಾಸಪತ್ರಿಕೆ ಪತ್ರ ಬರೆದವರ ಮನೆ ನಂಬರು, ಬೀದಿ, ಊರು ಎಲ್ಲವನ್ನೂ ಪೂರ್ತಿಯಾಗಿ ಅಚ್ಚು ಹಾಕತೊಡಗಿತು. ಇಂದು ಲಕ್ಷಗಟ್ಟಲೆ ಜನ ಸೇರುವ ಕಾಮಿಕ್ಸ್ ಮೇಳಗಳು, ಕಥೆಯ ಪಾತ್ರಗಳಂತೆ ವೇಷ ತೊಟ್ಟು ಬರುವ ಯುವಜನರು, ಜಪಾನಿನ ಅನಿಮೆ ಚಿತ್ರಗಳಿಗೆ ಮುಗಿಬೀಳುವ ಅಭಿಮಾನಿ ಬಳಗಗಳು - ಇವೆಲ್ಲದರ ಬೇರು ಹುಡುಕುತ್ತ ಹೋದರೆ ಆ ವಿಳಾಸಗಳು ಎದುರಾಗುತ್ತವೆ.

ಆ ಪತ್ರಿಕೆಯ ಹೆಸರು 'ಅಮೇಜಿಂಗ್ ಸ್ಟೋರೀಸ್'. ಮೊದಲ ಸಂಚಿಕೆ ಬಂದದ್ದು 1926ರ ಏಪ್ರಿಲ್‌ನಲ್ಲಿ. ಹೊರತಂದವನು ಹ್ಯೂಗೊ ಗರ್ನ್ಸ್‌ಬ್ಯಾಕ್. 1884ರಲ್ಲಿ ಲಕ್ಸೆಂಬರ್ಗ್‌ನಲ್ಲಿ ಹುಟ್ಟಿ, 1904ರಲ್ಲಿ ಅಮೆರಿಕಕ್ಕೆ ವಲಸೆ ಬಂದು, ರೇಡಿಯೊ ಬಿಡಿಭಾಗಗಳನ್ನು ಅಂಚೆಯ ಮೂಲಕ ಮಾರುತ್ತಿದ್ದ ವ್ಯಾಪಾರಿ. ವಿದ್ಯುತ್ತು, ರೇಡಿಯೊಗಳ ಬಗ್ಗೆ ಪತ್ರಿಕೆ ನಡೆಸುತ್ತಿದ್ದಾಗಲೇ ಅದರಲ್ಲಿ ವಿಜ್ಞಾನ ಬೆರೆತ ಕಥೆಗಳನ್ನೂ ಹಾಕುತ್ತಿದ್ದ. ಅಂಥ ಕಥೆಗಳಿಗೇ ಮೀಸಲಾದ ಇಂಗ್ಲಿಷಿನ ಮೊದಲ ಮಾಸಪತ್ರಿಕೆ 'ಅಮೇಜಿಂಗ್'. ಆರಂಭದ ಸಂಚಿಕೆಗಳಲ್ಲಿ ಬಹುಪಾಲು ಜೂಲ್ಸ್ ವರ್ನ್, ಎಚ್.ಜಿ. ವೆಲ್ಸ್ ಮೊದಲಾದವರ ಹಳೆಯ ಕಥೆಗಳೇ ಇದ್ದವು. 'ಸೈನ್ಸ್ ಫಿಕ್ಷನ್' ಎಂಬ ಮಾತು ಬಳಕೆಗೆ ಬಂದದ್ದೂ 1929ರ ನಂತರ, ಇದೇ ಗರ್ನ್ಸ್‌ಬ್ಯಾಕ್‌ನಿಂದ.

ಒರಟು ಅಗ್ಗದ ಕಾಗದ, ಕಣ್ಣು ಕುಕ್ಕುವ ಮುಖಪುಟ, ಅದರ ಮೇಲೆ ರಾಕೆಟ್ಟು, ದೈತ್ಯ ಕೀಟ. ಹಿರಿಯರ ದೃಷ್ಟಿಯಲ್ಲಿ ಅದು ಓದುವ ವಸ್ತುವೇ ಆಗಿರಲಿಲ್ಲ. ಇದನ್ನು ಓದುತ್ತಿದ್ದವರಲ್ಲಿ ಹದಿಹರೆಯದವರೇ ಹೆಚ್ಚು. ಒಂದೊಂದು ಊರಿನಲ್ಲಿ ಒಬ್ಬನೋ ಇಬ್ಬರೋ. ಓದಿದ್ದನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. ಇಂಥವನು ಪತ್ರಿಕೆಗೆ ಬರೆದ ಪತ್ರವನ್ನು ಇನ್ನೊಂದು ಊರಿನಲ್ಲಿದ್ದ ಅಂಥವನೇ ಓದಿದ. ಕೆಳಗೆ ವಿಳಾಸವಿತ್ತು. ಆತ ಸಂಪಾದಕನಿಗೆ ಬರೆಯುವುದನ್ನು ಬಿಟ್ಟು ನೇರವಾಗಿ ಈ ಓದುಗನಿಗೇ ಬರೆದ. ಓದುಗ-ಓದುಗರ ನಡುವೆ ಸಂಪಾದಕನ ಹಂಗಿಲ್ಲದ ಅಂಚೆ ಸಂಬಂಧ ಹೀಗೆ ಶುರುವಾಯಿತು.

ಪತ್ರಮಿತ್ರರು ಸಂಘ ಕಟ್ಟಿದರು. ಸಂಘಗಳು ಸೈಕ್ಲೋಸ್ಟೈಲ್ ಪತ್ರಿಕೆ ಹೊರಡಿಸಿದವು. 1930ರ ಮೇ ತಿಂಗಳಲ್ಲಿ ಇಂಥದೊಂದು ಪತ್ರವ್ಯವಹಾರ ಸಂಘ ಹೊರತಂದ 'ದಿ ಕಾಮೆಟ್' ಮೊದಲ ಅಭಿಮಾನಿ ಪತ್ರಿಕೆ ಎನಿಸಿದೆ. ಇವುಗಳಿಗೆ 'ಫ್ಯಾನ್‌ಜಿನ್' ಎಂಬ ಹೆಸರು ಬಿದ್ದದ್ದು 1940ರಲ್ಲಿ. 'ದಿ ಕಾಮೆಟ್' ಸಂಪಾದಿಸಿದ ರೇಮಂಡ್ ಪಾಮರ್ 1938ರಲ್ಲಿ 'ಅಮೇಜಿಂಗ್ ಸ್ಟೋರೀಸ್'ನ ಸಂಪಾದಕನೇ ಆದ. ಐಸಾಕ್ ಅಸಿಮೋವ್‌ನ ಅಚ್ಚಾದ ಮೊದಲ ಕಥೆಯನ್ನು 1939ರಲ್ಲಿ ಪ್ರಕಟಿಸಿದವನು ಈ ಪಾಮರ್. ಓದುಗನ ಬೆಂಚಿನಿಂದ ಸಂಪಾದಕನ ಕುರ್ಚಿಗೆ ಎಂಟೇ ವರ್ಷದ ದಾರಿ.

ಹಣ ಕೇಳಿದವನಿಗೆ ಬಾಗಿಲು

ಈ ಉತ್ಸಾಹದಲ್ಲಿ ಲಾಭವಿದೆಯೆಂದು ಗರ್ನ್ಸ್‌ಬ್ಯಾಕ್ ಅರಿಯದಿರಲಿಲ್ಲ. 'ಅಮೇಜಿಂಗ್' 1929ರ ದಿವಾಳಿಯಲ್ಲಿ ಆತನ ಕೈತಪ್ಪಿತ್ತು. ಹೊಸದಾಗಿ ಕಟ್ಟಿದ 'ವಂಡರ್ ಸ್ಟೋರೀಸ್' ಪತ್ರಿಕೆಯ ಆಶ್ರಯದಲ್ಲಿ 1934ರಲ್ಲಿ 'ಸೈನ್ಸ್ ಫಿಕ್ಷನ್ ಲೀಗ್' ಎಂಬ ಸಂಘವನ್ನು ಆತ ಹುಟ್ಟುಹಾಕಿದ. ಊರೂರಿನಲ್ಲಿ ಶಾಖೆಗಳು ತೆರೆದವು. ಸದಸ್ಯರು ಹೆಚ್ಚಿದರೆ ಪತ್ರಿಕೆಯ ಮಾರಾಟವೂ ಹೆಚ್ಚುತ್ತದೆಂಬುದು ಲೆಕ್ಕಾಚಾರ.

ಅದೇ ವರ್ಷ ಡೊನಾಲ್ಡ್ ವೊಲ್‌ಹೈಮ್ ಎಂಬ ಹತ್ತೊಂಬತ್ತರ ತರುಣನ ಕಥೆ 'ವಂಡರ್ ಸ್ಟೋರೀಸ್'ನಲ್ಲಿ ಅಚ್ಚಾಯಿತು. ಸಂಭಾವನೆ ಬರಲಿಲ್ಲ. ಆತ ಸುಮ್ಮನಿರದೆ ಬೇರೆ ಲೇಖಕರಿಗೆ ಪತ್ರ ಬರೆದು ವಿಚಾರಿಸಿದ. ಹಲವರ ಪಾಡೂ ಅದೇ ಎಂದು ತಿಳಿಯಿತು. ಎಲ್ಲರೂ ಸೇರಿ ವಕೀಲನನ್ನು ಹಿಡಿದರು. ಕೋರ್ಟಿನ ಹೊರಗೆ 75 ಡಾಲರಿಗೆ ರಾಜಿಯಾಯಿತು. 1935ರಲ್ಲಿ ವೊಲ್‌ಹೈಮ್‌ನನ್ನು ಲೀಗ್‌ನಿಂದ ಹೊರಹಾಕಲಾಯಿತು. ಓದುಗರು ಒಬ್ಬರಿಗೊಬ್ಬರು ಪತ್ರ ಬರೆದರೆ ಮೆಚ್ಚುಗೆಯಷ್ಟೇ ಅಲ್ಲ, ಬಾಕಿಯ ಲೆಕ್ಕವೂ ಹೊರಬರುತ್ತದೆಂಬುದನ್ನು ಮಾಲೀಕ ಆಗ ಕಂಡುಕೊಂಡ.

ಬಾಗಿಲು ಹಾಕುವುದು ಮಾಲೀಕರ ಗುಣ ಮಾತ್ರವಲ್ಲ ಎಂಬುದು ನಾಲ್ಕು ವರ್ಷದ ನಂತರ ಗೊತ್ತಾಯಿತು. 1939ರ ಜುಲೈ 2ರಿಂದ 4ರವರೆಗೆ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ಸೇರಿತು. ಬಂದವರು ಸುಮಾರು ಇನ್ನೂರು ಜನ. ನಡೆಸುತ್ತಿದ್ದವರೂ ಅಭಿಮಾನಿಗಳೇ. ಆದರೆ ವೊಲ್‌ಹೈಮ್ ಮತ್ತು ಆತನ ಎಡಪಂಥೀಯ ಗೆಳೆಯರ 'ಫ್ಯೂಚರಿಯನ್' ಗುಂಪಿಗೂ ಇವರಿಗೂ ಹಳೆಯ ಜಗಳ. ಗಲಾಟೆ ಮಾಡಿಯಾರೆಂಬ ಅನುಮಾನದಿಂದ ಆರು ಮಂದಿಯನ್ನು ಬಾಗಿಲಲ್ಲೇ ತಡೆಯಲಾಯಿತು. ಅವರಲ್ಲಿ ವೊಲ್‌ಹೈಮ್, ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲೂತ್ ಇದ್ದರು. ಪೋಲ್ ಮುಂದೆ ಅಮೆರಿಕದ ಹೆಸರಾಂತ ವಿಜ್ಞಾನ ಕಥೆಗಾರನೂ ಸಂಪಾದಕನೂ ಆದ. ವೊಲ್‌ಹೈಮ್ 1971ರಲ್ಲಿ 'ಡಾ ಬುಕ್ಸ್' ಎಂಬ ಪ್ರಕಾಶನವನ್ನೇ ಕಟ್ಟಿದ. ಅದೇ ಗುಂಪಿನ ಅಸಿಮೋವ್‌ಗೆ ಮಾತ್ರ ಒಳಗೆ ಪ್ರವೇಶ ಸಿಕ್ಕಿತ್ತು.

ಒಳಗೆ ನಡೆದದ್ದೂ ಕಡಿಮೆಯದಲ್ಲ. ಲಾಸ್ ಏಂಜಲೀಸ್‌ನಿಂದ ಬಂದ ಫಾರೆಸ್ಟ್ ಅಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್ ಭವಿಷ್ಯದ ಜನರಂತೆ ಉಡುಪು ತೊಟ್ಟು ಬಂದರು. ಉಡುಪು ಹೊಲಿದವಳು ಡಗ್ಲಸ್. ಜಪಾನೀಯರು 1980ರ ದಶಕದಲ್ಲಿ 'ಕಾಸ್‌ಪ್ಲೇ' ಎಂದು ಹೆಸರಿಟ್ಟ ವೇಷಗಾರಿಕೆಯ ಚರಿತ್ರೆ ಬರೆಯುವವರು ಈ ಉಡುಪುಗಳಿಂದಲೇ ಆರಂಭಿಸುತ್ತಾರೆ. ಬಹುಕಾಲ ಹೆಸರು ಪಡೆದವನು ಮಾತ್ರ ಅಕರ್‌ಮನ್. ಆತನೇ ಕೊಟ್ಟ ಸಾಲದ ಹಣದಲ್ಲಿ ರೇ ಬ್ರಾಡ್‌ಬರಿ ಎಂಬ ಹದಿನೆಂಟರ ಹುಡುಗನೂ ಬಂದಿದ್ದ. ಕೈಯಲ್ಲಿ ಗೆಳೆಯ ಹ್ಯಾನೆಸ್ ಬೋಕ್‌ನ ಚಿತ್ರಗಳಿದ್ದವು. ಅವನ್ನು ಹಿಡಿದು ಸಂಪಾದಕರ ಕಚೇರಿಗಳನ್ನು ಸುತ್ತಿದ. ಅದೇ ವರ್ಷದ ಡಿಸೆಂಬರಿನಲ್ಲಿ ಬೋಕ್‌ನ ಚಿತ್ರ 'ವಿಯರ್ಡ್ ಟೇಲ್ಸ್' ಪತ್ರಿಕೆಯ ಮುಖಪುಟವಾಯಿತು.

130 ಡಾಲರಿನ ನಾಯಕ

ಕಾಮಿಕ್ಸ್ ಲೋಕಕ್ಕೆ ಈ ಬಳ್ಳಿ ಹಬ್ಬಿದ್ದು ಕ್ಲೀವ್‌ಲ್ಯಾಂಡಿನಿಂದ. ಅಲ್ಲಿಯ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಹೈಸ್ಕೂಲು ಗೆಳೆಯರು ತಮ್ಮದೇ ಸೈಕ್ಲೋಸ್ಟೈಲ್ ಪತ್ರಿಕೆ ನಡೆಸುತ್ತಿದ್ದರು. 1933ರ ಜನವರಿ ಸಂಚಿಕೆಯಲ್ಲಿ 'ಸೂಪರ್‌ಮ್ಯಾನ್' ಎಂಬವನ ಕಥೆ ಬಂತು. ಆದರೆ ಅಲ್ಲಿ ಆತ ಖಳನಾಯಕ. ಅವನನ್ನು ಒಳ್ಳೆಯವನನ್ನಾಗಿಸಿ, ಚಿತ್ರಕಥೆಯಾಗಿ ಬರೆದು, ಹಲವು ಬಾಗಿಲು ತಟ್ಟಿದ ಮೇಲೆ 1938ರಲ್ಲಿ 'ಆ್ಯಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ ಜಾಗ ಸಿಕ್ಕಿತು. 13 ಪುಟಗಳಿಗೆ ಕೊಟ್ಟ 130 ಡಾಲರಿನಲ್ಲಿ ಪಾತ್ರದ ಹಕ್ಕೂ ಪ್ರಕಾಶಕರ ಪಾಲಾಯಿತು. ಸೂಪರ್‌ಮ್ಯಾನ್ ಕೋಟ್ಯಂತರ ಡಾಲರ್ ದುಡಿದ. ಹುಟ್ಟಿಸಿದವರು ಬಡತನ ಕಂಡರು. ಸಾರ್ವಜನಿಕವಾಗಿ ದೂರಿದ ಮೇಲೆ, 1975ರ ಕೊನೆಯಲ್ಲಿ ಇಬ್ಬರಿಗೂ ವರ್ಷಕ್ಕೆ ತಲಾ 20,000 ಡಾಲರ್ ಪಿಂಚಣಿ ಮತ್ತು ಕಥೆಯ ಮೇಲೆ ಹೆಸರು ಹಾಕುವ ಮಾತು ದೊರೆಯಿತು. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಬೆಲೆ ಕಟ್ಟುವವರು ಯಾರೆಂಬ ಪ್ರಶ್ನೆ ಈ ಚರಿತ್ರೆಯುದ್ದಕ್ಕೂ ಹೀಗೆ ತಲೆ ಎತ್ತುತ್ತದೆ.

ವಿಳಾಸದ ಮಹಿಮೆ ಚೆನ್ನಾಗಿ ನೆನಪಿದ್ದ ಒಬ್ಬ ಸಂಪಾದಕ ಅದೇ ಸೂಪರ್‌ಮ್ಯಾನ್‌ನ ಪ್ರಕಾಶನದಲ್ಲಿದ್ದ. ಆತ ಜೂಲಿಯಸ್ ಶ್ವಾರ್ಟ್ಸ್. 1932ರಲ್ಲಿ ಗೆಳೆಯರ ಜೊತೆ 'ದಿ ಟೈಮ್ ಟ್ರಾವೆಲರ್' ಎಂಬ ಫ್ಯಾನ್‌ಜಿನ್ ಹೊರಡಿಸಿದ್ದವನು. 1960ರ ಸುಮಾರಿಗೆ ತನ್ನ ಕಾಮಿಕ್ಸ್‌ನ ಪತ್ರ ವಿಭಾಗದಲ್ಲಿ ಓದುಗರ ಪೂರ್ಣ ವಿಳಾಸ ಹಾಕಲು ಶುರುಮಾಡಿದ. ಡೆಟ್ರಾಯಿಟ್‌ನ ಕಾಲೇಜು ಅಧ್ಯಾಪಕ ಜೆರ್ರಿ ಬೇಲ್ಸ್ ಆ ವಿಳಾಸಗಳನ್ನು ಕೂಡಿಹಾಕಿ, 1961ರಲ್ಲಿ ತಾನು ಆರಂಭಿಸಿದ 'ಆಲ್ಟರ್ ಈಗೊ' ಎಂಬ ಸಣ್ಣ ಪತ್ರಿಕೆಯನ್ನು ಕಳಿಸಿಕೊಟ್ಟ. ಆತನ ಜೊತೆಗಾರ ರಾಯ್ ಥಾಮಸ್ 1972ರಲ್ಲಿ ಮಾರ್ವೆಲ್ ಕಾಮಿಕ್ಸ್‌ನ ಪ್ರಧಾನ ಸಂಪಾದಕನಾದ. ಪಾಮರ್‌ನ ದಾರಿಯಲ್ಲಿ ಇನ್ನೊಬ್ಬ.

ಸ್ಯಾನ್ ಡಿಯಾಗೊದಲ್ಲಿ 1970ರ ಆಗಸ್ಟ್‌ನಲ್ಲಿ ಸುಮಾರು ಮುನ್ನೂರು ಜನರೊಂದಿಗೆ ನಡೆದ ಕಾಮಿಕ್ಸ್ ಸಮ್ಮೇಳನ ಈಗ ವರ್ಷಕ್ಕೊಮ್ಮೆ ಲಕ್ಷಕ್ಕೂ ಹೆಚ್ಚು ಜನ ಸೇರುವ ಜಾತ್ರೆ. ಆ ಮೊದಲ ಸಮ್ಮೇಳನದ ಅತಿಥಿಗಳಲ್ಲಿ ಬ್ರಾಡ್‌ಬರಿಯೂ ಇದ್ದ.

ಓದುಗರ ಪತ್ರಗಳ ಬಲ ಟೆಲಿವಿಷನ್ನಿಗೂ ತಟ್ಟಿತು. 'ಸ್ಟಾರ್ ಟ್ರೆಕ್' ಧಾರಾವಾಹಿಯನ್ನು ಎನ್‌ಬಿಸಿ ನಿಲ್ಲಿಸುತ್ತದೆಂಬ ಸುದ್ದಿ ಹಬ್ಬಿದಾಗ ಬ್ಜೋ ಟ್ರಿಂಬಲ್ ಎಂಬಾಕೆ ಗಂಡನೊಂದಿಗೆ ಸೇರಿ ಅಭಿಮಾನಿಗಳ ವಿಳಾಸಪಟ್ಟಿ ಹಿಡಿದು ಪತ್ರ ಚಳವಳಿ ನಡೆಸಿದಳು. ಒಂದು ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದವು. 1968ರ ಮಾರ್ಚ್‌ನಲ್ಲಿ, ಧಾರಾವಾಹಿ ಮುಂದುವರಿಯುತ್ತದೆಂದು ಎನ್‌ಬಿಸಿ ಪರದೆಯ ಮೇಲೇ ಪ್ರಕಟಿಸಬೇಕಾಯಿತು. ಅದು ಇನ್ನೊಂದೇ ವರ್ಷ ನಡೆದು ನಿಂತಿತಾದರೂ, ಪತ್ರಿಕೆ ನಡೆಸಿ, ಸಮ್ಮೇಳನ ಕಟ್ಟಿದ ಅದರ ಅಭಿಮಾನಿಗಳಲ್ಲಿ ಮಹಿಳೆಯರ ಪಾಲು ದೊಡ್ಡದು.

ಗ್ರಾಹಕರಿಲ್ಲದ ಸಂತೆ

ಜಪಾನಿಗೆ ಇದು ತಲುಪಿದ್ದು ಯುದ್ಧದ ನಂತರ, ರದ್ದಿಯ ರೂಪದಲ್ಲಿ. ಅಮೆರಿಕದ ಸೈನಿಕರು ಓದಿ ಬಿಸಾಡಿದ ಅಗ್ಗದ ಪುಸ್ತಕಗಳಿಂದ ವಿಜ್ಞಾನ ಕಥೆಯ ರುಚಿ ಹತ್ತಿಸಿಕೊಂಡವರಲ್ಲಿ ತೆತ್ಸು ಯಾನೊ ಒಬ್ಬ. ಅಕರ್‌ಮನ್ ಜೊತೆಗಿನ ಸ್ನೇಹ ಆತನನ್ನು 1953ರಲ್ಲಿ ಅಮೆರಿಕಕ್ಕೆ ಕರೆತಂದಿತು. 1957ರಲ್ಲಿ ತಕುಮಿ ಶಿಬಾನೊ 'ಉಚೂಜಿನ್', ಅಂದರೆ 'ಬಾಹ್ಯಾಕಾಶದ ಧೂಳು' ಎಂಬ ಅಭಿಮಾನಿ ಪತ್ರಿಕೆ ಆರಂಭಿಸಿದ. ಜಪಾನಿನ ಜನಪ್ರಿಯ ಕಿರುಗತೆಗಾರ ಶಿನ್‌ಇಚಿ ಹೋಶಿಯ ಚೊಚ್ಚಲ ವಿಜ್ಞಾನ ಕಥೆ ಬಂದದ್ದು ಅದರಲ್ಲೇ.

ಅಲ್ಲಿಯೂ ಬಾಗಿಲಿನ ಕಥೆ ಮರುಕಳಿಸಿತು. 1970ರ ದಶಕದಲ್ಲಿ ಮಂಗಾ ಎಂಬ ಜಪಾನೀ ಚಿತ್ರಕಥೆಗಳ ಅಭಿಮಾನಿಗಳಿಗಾಗಿ ನಡೆಯುತ್ತಿದ್ದ ಒಂದು ಸಮ್ಮೇಳನ, ತನ್ನನ್ನು ಟೀಕಿಸಿದ ಒಬ್ಬ ಅಭಿಮಾನಿಗೆ ಪ್ರವೇಶ ನಿರಾಕರಿಸಿತು. ಇದನ್ನು ಪ್ರತಿಭಟಿಸಿದ ಯೋಶಿಹಿರೊ ಯೊನೆಜಾವಾ ಮತ್ತು ಗೆಳೆಯರು ಯಾರನ್ನೂ ಹೊರಗಿಡದ ಸಂತೆಯೊಂದನ್ನು ತಾವೇ ಕಟ್ಟಿದರು. 1975ರ ಡಿಸೆಂಬರ್ 21ರಂದು ಟೋಕಿಯೊದ ಒಂದು ಸಭಾಕೋಣೆಯಲ್ಲಿ 32 ತಂಡಗಳು ತಾವು ಬರೆದು ಅಚ್ಚು ಹಾಕಿದ ಪುಸ್ತಿಕೆಗಳನ್ನು ಹರಡಿಕೊಂಡು ಕೂತವು. ಬಂದವರು ಸುಮಾರು ಏಳುನೂರು. ಹೆಚ್ಚಿನವರು ಶಾಲೆಗೆ ಹೋಗುವ ಹುಡುಗಿಯರು. 'ಕಾಮಿಕೆಟ್' ಎಂದು ಹೆಸರಾದ ಈ ಸಂತೆಗೆ 2019ರ ಬೇಸಿಗೆಯ ನಾಲ್ಕು ದಿನಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಬಂದರು. ಅದರ ಒಂದು ನಿಯಮ ಇಂದಿಗೂ ಬದಲಾಗಿಲ್ಲ: ಅಲ್ಲಿ ಗ್ರಾಹಕರೆಂಬುವವರಿಲ್ಲ. ಮಾರುವವನು, ಕೊಳ್ಳುವವನು, ಸಾಲು ನಿಲ್ಲಿಸುವ ಸ್ವಯಂಸೇವಕ, ಎಲ್ಲರೂ 'ಭಾಗವಹಿಸುವವರು'.

ಇಲ್ಲಿಯೂ ಓದುಗರು ಮುಂದೆ ಹೆಸರು ಮಾಡಿದರು. 1981ರಲ್ಲಿ ಒಸಾಕಾದ ವಿಜ್ಞಾನ ಕಥಾ ಸಮ್ಮೇಳನದ ಉದ್ಘಾಟನೆಗೆಂದು ಕೆಲವು ಕಾಲೇಜು ವಿದ್ಯಾರ್ಥಿಗಳು 8 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಕಿರು ಅನಿಮೇಷನ್ ಚಿತ್ರ ಮಾಡಿದರು. ಆ ಬಳಗ 1984ರಲ್ಲಿ 'ಗೈನಾಕ್ಸ್' ಸಂಸ್ಥೆಯಾಯಿತು. ಅವರಲ್ಲೊಬ್ಬನಾದ ಹಿದೆಆಕಿ ಅನ್ನೊ 1995ರಲ್ಲಿ ನಿರ್ದೇಶಿಸಿದ 'ಇವಾಂಗೆಲಿಯನ್' ಅನಿಮೆಯ ಚರಿತ್ರೆಯಲ್ಲಿ ಒಂದು ತಿರುವು.

ಉಳಿಸಿದವರು ಯಾರು?

ಪ್ರಕಾಶಕರು ಮಾರಿ ಮರೆತದ್ದನ್ನು ಕಾಪಾಡಿದವರೂ ಬಹುಮಟ್ಟಿಗೆ ಇದೇ ಓದುಗರು. ಅಗ್ಗದ ಕಾಗದದ ಆ ಪತ್ರಿಕೆಗಳು ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವಂಥವು. ಫ್ಯಾನ್‌ಜಿನ್‌ಗಳಂತೂ ಕೆಲವೇ ಪ್ರತಿ ಹುಟ್ಟಿದಂಥವು. ಅಭಿಮಾನಿಯೊಬ್ಬ ಜೀವಮಾನವಿಡೀ ಕೂಡಿಟ್ಟ ಸುಮಾರು 10,000 ಫ್ಯಾನ್‌ಜಿನ್‌ಗಳು ಈಗ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿವೆ. 2006ರಲ್ಲಿ ತೀರಿಕೊಂಡ ಯೊನೆಜಾವಾನ ಸಂಗ್ರಹದಿಂದ ಟೋಕಿಯೊದ ಮೇಜಿ ವಿಶ್ವವಿದ್ಯಾಲಯ 2009ರಲ್ಲಿ ಆತನ ಹೆಸರಿನ ಗ್ರಂಥಾಲಯವನ್ನು ತೆರೆಯಿತು. ಒಮ್ಮೆ ಮೇಷ್ಟರು ಕಿತ್ತು ಬಿಸಾಡುತ್ತಿದ್ದಂಥ ಪುಸ್ತಕಗಳನ್ನು ಇಂದು ಸಂಶೋಧಕರು ಚೀಟಿ ಬರೆದುಕೊಟ್ಟು ಓದುತ್ತಾರೆ.

ಬೆಂಗಳೂರಿನಲ್ಲೂ 2012ರಿಂದ ಕಾಮಿಕ್ಸ್ ಮೇಳ ನಡೆಯುತ್ತ ಬಂದಿದೆ. ವೇಷ ತೊಟ್ಟ ಮಕ್ಕಳನ್ನು ನೋಡಿ ಇದು ಯಾವುದೋ ಕಂಪನಿಯ ಪ್ರಚಾರವೆಂದುಕೊಳ್ಳುವುದು ಸುಲಭ. ಪ್ರಚಾರ ಇದೆ, ವ್ಯಾಪಾರವೂ ಇದೆ. ಗರ್ನ್ಸ್‌ಬ್ಯಾಕ್‌ನ ಕಾಲದಲ್ಲೂ ಇತ್ತು. ಆದರೆ ಆ ವ್ಯಾಪಾರಿ ಮಾರಾಟಕ್ಕೆಂದು ಮಾಡಿದ ಒಂದು ಏರ್ಪಾಡು ಆತನ ಲೆಕ್ಕವನ್ನು ಮೀರಿ ಬೆಳೆಯಿತು. ಸಂಘದಿಂದ ಹೊರಹಾಕಿಸಿಕೊಂಡವರು ಇನ್ನೊಂದು ಸಂಘ ಕಟ್ಟಿದರು. ಪ್ರವೇಶ ಸಿಗದವರ ಪರ ನಿಂತವರು ಬೇರೊಂದು ಸಂತೆ ಹೂಡಿದರು. ಓದುಗರಿಗೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಗೊತ್ತಿರುವವರೆಗೆ ಯಾವ ಬಾಗಿಲೂ ಕೊನೆಯ ಬಾಗಿಲಾಗಲಿಲ್ಲ.